18 ಇಲ್ಲದ ಆನೆ: ಕೈಕೆಲಸ ನಂಬಿ ಬದುಕುವವರು ಒಮ್ಮೆ ಓದಿ

ನಾನು ಬರೆದ ಕಸೂತಿ ಆನೆಯ ಹೊಲಿಗೆ ಕಿಟ್ಟನ್ನು ಕಳೆದ ಜನವರಿಯಲ್ಲಿ ನಾನೇ 799 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ಕೊಂಡುಕೊಂಡೆ. ಡಬ್ಬಿ ಚೆನ್ನಾಗಿತ್ತು. ಒಳಗೆ ಎಳೆ ಎಣಿಸಿ ಹೊಲಿಯಲು ಬರುವ ಮ್ಯಾಟಿ ಬಟ್ಟೆ, ಎರಡು ಸೂಜಿ, ನಾಲ್ಕು ಬಣ್ಣದ ದಾರ, ಮಡಚಿಟ್ಟ ಒಂದು ಹಾಳೆ. ಹಾಳೆ ಬಿಡಿಸಿ ಸೀದಾ ಆನೆಯ ಹೊಟ್ಟೆಯ ಹತ್ತಿರ ನೋಡಿದೆ. ಹೊಲಿಯುವ ಹೆಜ್ಜೆಗಳ ನಂಬರಿನಲ್ಲಿ 17 ಇತ್ತು. ಅದರ ಪಕ್ಕದಲ್ಲಿ 19. ನಡುವೆ 18 ಇರಲಿಲ್ಲ.

ಆ ತಪ್ಪು ನನ್ನದು. ರಾತ್ರಿ ಹನ್ನೊಂದೂವರೆಗೆ ಗ್ರಾಫ್ ಹಾಳೆಯ ಮೇಲೆ ನಂಬರ್ ಹಾಕುತ್ತಾ ಕೂತಾಗ ನಿದ್ದೆಗಣ್ಣಲ್ಲಿ ಒಂದನ್ನು ಹಾರಿಸಿದ್ದೆ. ಹೊಲಿಗೆಗೆ ಅದರಿಂದ ಏನೂ ತೊಂದರೆ ಇಲ್ಲ, ದಾರಿ ಸರಿಯಾಗೇ ಇತ್ತು. ಆಮೇಲೆ ಗಮನಕ್ಕೆ ಬಂದರೂ ತಿದ್ದದೆ ಬಿಟ್ಟಿದ್ದೆ. ಕಿಟ್ ಮಾಡಿದ ಕಂಪನಿಯವರು ನನ್ನ ತಪ್ಪಿನ ಸಮೇತ ಎತ್ತಿಕೊಂಡಿದ್ದರು.

ನಾನು ಧಾರವಾಡದವಳು. ಮದುವೆಯಾಗಿ ಬಂದು ರಾಜಾಜಿನಗರದಲ್ಲಿ 14 ವರ್ಷ ಆಯಿತು. ಕಸೂತಿ ಡಿಸೈನ್ ಬರೆಯೋದು, ಕಲಿಸೋದು, ಮೇಳಗಳಲ್ಲಿ ಕೂತು ಹೊಲಿದು ತೋರಿಸೋದು ನನ್ನ ಕಸುಬು. ಹವ್ಯಾಸ ಅಲ್ಲ. ಮಗನ ಸ್ಕೂಲ್ ಫೀಸು ಇದರಿಂದಲೇ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 'ಮನೇಲಿ ಸುಮ್ನೆ ಕೂತು ಟೈಮ್ ಪಾಸ್‌ಗೆ ಮಾಡ್ತಾರೆ' ಅನ್ನುವ ಭಾವನೆಯೇ ಈ ಕಥೆಯ ಅರ್ಧ ಕಾರಣ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಕಳೆದುಕೊಂಡಿದ್ದು ಏನು ಅಂತ ಅರ್ಥ ಆಗಲ್ಲ. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಒಂದು ಮನೆ (ಗ್ರಾಫಿನ ಒಂದು ಚೌಕದಷ್ಟು ಜಾಗ) ಬಿಟ್ಟು ಒಂದು ಮನೆ ಹೊಲಿಯುತ್ತಾ ಹೋಗಿ, ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಮನೆಗಳನ್ನು ತುಂಬಬೇಕು. ಎಲ್ಲೂ ಗಂಟು ಹಾಕುವ ಹಾಗಿಲ್ಲ. ಸರಿಯಾಗಿ ಹೊಲಿದರೆ ಬಟ್ಟೆಯ ಮುಂದೆ ಇರುವ ಆನೆಯೇ ಹಿಂದೆಯೂ ಇರುತ್ತದೆ. ಒಂದು ಕಡೆ ದಾರಿ ತಪ್ಪಿದರೆ ಹಿಂದುಗಡೆ ದಾರ ಅಡ್ಡಡ್ಡ ಓಡಾಡಿ ಎಲ್ಲರಿಗೂ ಕಾಣುತ್ತದೆ.

ನಮ್ಮ ಅವ್ವನಿಗೆ ಈ ದಾರಿ ಕೈಯಲ್ಲೇ ಇತ್ತು, ಯಾವ ಹಾಳೆಯೂ ಬೇಕಿರಲಿಲ್ಲ. ಇರಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ತೊಟ್ಟಿಲು, ಆನೆ ಅಂಬಾರಿ ಎಲ್ಲ ಮಾತಾಡುತ್ತಲೇ ಹೊಲಿದುಬಿಡುತ್ತಿದ್ದಳು. ಆದರೆ ಸೂಜಿಯನ್ನೇ ಹಿಡಿಯದ ಒಬ್ಬ ಐಟಿ ಹುಡುಗಿಗೆ ಎರಡು ಭಾನುವಾರದಲ್ಲಿ ಆನೆ ಬರಬೇಕು ಅಂದರೆ ಪ್ರತಿ ಹೆಜ್ಜೆಗೂ ನಂಬರ್ ಬೇಕು, ಬಾಣದ ಗುರುತು ಬೇಕು, ಹೋಗುವ ದಾರಿ ಕಪ್ಪು, ಬರುವ ದಾರಿ ಕೆಂಪು. ಸೊಂಡಿಲಿಗೆ ಹೋದವಳು ಹೊಟ್ಟೆಗೆ ಯಾವ ಮನೆಯಿಂದ ಇಳಿಯಬೇಕು ಅಂತ ಯೋಚಿಸಲು ನನಗೆ ಮೂರು ದಿನ ಹಿಡಿದಿತ್ತು. ಆನೆ ನನ್ನದಲ್ಲ, ಅದು ಊರಿನದು. ಈ ದಾರಿ ನನ್ನದು.

ಈಗ ನಡೆದಿದ್ದು. ಜಯನಗರದ ಒಂದು ಮೇಳದಲ್ಲಿ ನಾನು ಹೊಲಿಯುತ್ತಾ ಕೂತಿದ್ದಾಗ ಕ್ರಾಫ್ಟ್ ಕಿಟ್ ಮಾಡುವ ಒಂದು ಕಂಪನಿಯವರು ಬಂದರು. ಹೆಸರು ಬರೆಯುವುದಿಲ್ಲ, ವಿಷಯ ಇನ್ನೂ ವಕೀಲರ ಬಳಿ ಇದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. 'ಮೇಡಂ, ನಿಮ್ಮಂಥವರು ನಮ್ಮ ಡಿಸೈನ್ ಟೀಮಿನಲ್ಲಿ ಇರಬೇಕು' ಅಂದರು. ಆರು ಡಿಸೈನ್ ಬೇಕು, ಒಂದಕ್ಕೆ 4,000. ಜೊತೆಗೆ ಮಾಲ್‌ಗಳಲ್ಲಿ ಎಂಟು ದಿನ ಡೆಮೊ, ದಿನಕ್ಕೆ 2,500. ಕಿಟ್ ಚೆನ್ನಾಗಿ ಓಡಿದರೆ ಮಾರಾಟದಲ್ಲೂ ಒಂದು ಪಾಲು. ಡಬ್ಬಿಯ ಮೇಲೆ ನನ್ನ ಹೆಸರು. ಇಷ್ಟೆಲ್ಲ ಬಾಯಲ್ಲಿ. ಅಗ್ರಿಮೆಂಟ್ ಕೇಳಿದ್ದಕ್ಕೆ 'ಲೀಗಲ್‌ನವರು ರೆಡಿ ಮಾಡ್ತಿದಾರೆ, ಅಷ್ಟರಲ್ಲಿ ನೀವು ಶುರು ಮಾಡಿ ಮೇಡಂ, ದಸರಾಗೆ ಲಾಂಚ್ ಇದೆ' ಅಂದರು.

ಶುರು ಮಾಡಿದೆ. ಯಾರನ್ನು ಬೈಯಲಿ?

ಡೆಮೊ ಕೆಲಸ ಹೊರಗಿನಿಂದ ನೋಡುವವರಿಗೆ ಸುಲಭ ಅನ್ನಿಸುತ್ತದೆ. ಕೂತು ಹೊಲಿಯೋದು, ಕೇಳಿದ್ದಕ್ಕೆ ಉತ್ತರ ಹೇಳೋದು, ಅಷ್ಟೇ ಅಲ್ವಾ? ಟಿವಿಯಲ್ಲಿ ಅಡುಗೆ ತೋರಿಸುವವರು ಹೆಚ್ಚಿಟ್ಟ ಈರುಳ್ಳಿ, ಹುರಿದಿಟ್ಟ ಮಸಾಲೆ ಎಲ್ಲ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರಲ್ಲ, ನಮ್ಮದೂ ಹಾಗೆಯೇ. ಆಗ ತಾನೇ ಶುರು ಮಾಡಿದ ತುಂಡು, ಹೋಗುವ ದಾರಿ ಮುಗಿದ ತುಂಡು, ಅರ್ಧ ವಾಪಸ್ ಬಂದ ತುಂಡು, ಪೂರ್ತಿ ಮುಗಿದದ್ದು. ಹೀಗೆ ಪ್ರತಿ ಡಿಸೈನಿಗೆ ನಾಲ್ಕು ತುಂಡು ಮೊದಲೇ ಹೊಲಿದಿರಬೇಕು. ಮಕ್ಕಳು ಎಳೆದಾಡಿ ಹಾಳು ಮಾಡುತ್ತಾರೆ, ಮುಂದಿನ ವಾರಕ್ಕೆ ಮತ್ತೆ ಹೊಲಿಯಬೇಕು. ಒಂದು ದಿನದ ಡೆಮೊಗೆ ಹಿಂದಿನ ವಾರವೆಲ್ಲ ಸೇರಿ ಹತ್ತು ಗಂಟೆ ಕೆಲಸ ಹೋಗುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ.

ಮಾಲ್ ಇದ್ದದ್ದು ವೈಟ್‌ಫೀಲ್ಡ್ ಕಡೆ. ರಾಜಾಜಿನಗರದಲ್ಲಿ ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ, ಇಳಿದ ಮೇಲೆ ಆಟೋ. ಕೈಯಲ್ಲಿ ಎರಡು ಚೀಲ, ಒಂದರಲ್ಲಿ ಟೇಬಲ್ ಲ್ಯಾಂಪು. ಮಾಲ್‌ನ ಹಳದಿ ಬೆಳಕಿನಲ್ಲಿ ಕಪ್ಪು ಬಟ್ಟೆಯ ಎಳೆ ಎಣಿಸೋಕೆ ಆಗಲ್ಲ. ಮೊದಲ ದಿನ ಪ್ಲಗ್ ಪಾಯಿಂಟೇ ಇರಲಿಲ್ಲ. ಬೆಳಗ್ಗೆ 11ರಿಂದ ರಾತ್ರಿ 8ರವರೆಗೆ. ಊಟಕ್ಕೆ ಎದ್ದರೆ ಸ್ಟಾಲ್ ನೋಡಿಕೊಳ್ಳಲು ಯಾರೂ ಇಲ್ಲ. ಆದರೂ ಸುಳ್ಳು ಹೇಳಲ್ಲ, ಆ ದಿನಗಳು ನನಗೆ ಇಷ್ಟವೇ. 'ಇದು ಮಷೀನ್ ವರ್ಕಾ?' ಅಂತ ಯಾರೋ ದೂರದಿಂದ ಕೇಳುತ್ತಾರೆ. ನಾನು ಮಾತಾಡದೆ ಬಟ್ಟೆ ತಿರುಗಿಸಿ ಹಿಂಬದಿ ತೋರಿಸುತ್ತೇನೆ. ಆಗ ಅವರು ಹತ್ತಿರ ಬಂದು ಬಗ್ಗಿ ನೋಡುವ ರೀತಿ ಇದೆಯಲ್ಲ, ಅದಕ್ಕಾಗಿ ಎರಡು ಚೀಲ ಹೊರಬಹುದು.

ಎರಡನೇ ವಾರ 'ಇವತ್ತು ಎಷ್ಟು ಕಿಟ್ ಹೋಯ್ತು?' ಅಂತ ಫೋನ್ ಬಂತು. ಮಾರುವ ಮಾತೇ ಆಗಿರಲಿಲ್ಲ, ತೋರಿಸುವ ಮಾತು ಆಗಿತ್ತು. ಮೂರನೇ ವಾರ ಟಾರ್ಗೆಟ್ ಬಂತು. ಅಲ್ಲೇ ಎದ್ದು ಬರಬೇಕಿತ್ತು.

ಇದರ ನಡುವೆ ಆರೂ ಡಿಸೈನ್ ಕೊಟ್ಟೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅವರು ಮೊದಲು ಕೇಳಿದ್ದು ಹೊಲಿದ ಸ್ಯಾಂಪಲ್ ಮಾತ್ರ, 'ಅಪ್ರೂವಲ್‌ಗೆ'. ಸ್ಯಾಂಪಲ್ ನೋಡಿ ಕದಿಯುವುದು ಕಷ್ಟ. ಎಳೆ ಎಣಿಸಿ ಆಕಾರ ತೆಗೆಯಬಹುದು, ಆದರೆ ದಾರಿ ಸಿಗಲ್ಲ, ಹೊಲಿಯಲು ಬರುವವರೇ ಕೂತು ಬಿಡಿಸಬೇಕು. ಅದಾದ ಮೇಲೆ 'ಪ್ರಿಂಟಿಂಗ್ ಕ್ವಾಲಿಟಿ ಚೆಕ್ ಮಾಡೋಕೆ ಒಂದು ಗ್ರಾಫ್ ಕಳಿಸಿ' ಅಂದರು. ಕಳಿಸಿದೆ. ಆಮೇಲೆ 'ಉಳಿದ ಐದೂ ಕಳಿಸಿಬಿಡಿ, ಒಂದೇ ಸಲ ಬಿಲ್ ಪಾಸ್ ಮಾಡಿಸ್ತೀನಿ' ಅಂದರು. ಗ್ರಾಫು, ಬಣ್ಣದ ಪಟ್ಟಿ, ಹಂತ ಹಂತವಾಗಿ ನಾನು ಬರೆದ ವಿವರಣೆ, ಎಲ್ಲ ವಾಟ್ಸಾಪಿನಲ್ಲಿ ಕಳಿಸಿದೆ. 'ಬಳಸಿಕೊಳ್ಳಿ ಸರ್' ಅಂತ ಕೆಳಗೆ ಒಂದು ಸಾಲು ಬೇರೆ. ಜೊತೆಗೊಂದು ಕೈ ಮುಗಿಯುವ ಚಿತ್ರ.

ಅವತ್ತಿನಿಂದ ಫೋನ್ ಎತ್ತುವುದು ಕಡಿಮೆಯಾಯಿತು. ಆರು ದಿನದ ಡೆಮೊ ದುಡ್ಡು ಬಂತು, 15,000ದಲ್ಲಿ ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದು ಕಟ್ಟುವ ತೆರಿಗೆ) ಅಂತ 10% ಹಿಡಿದು 13,500. ಉಳಿದ ಎರಡು ದಿನದ 5,000, ಡಿಸೈನಿನ 24,000, ಒಟ್ಟು 29,000 ಇವತ್ತಿನವರೆಗೂ ಬಂದಿಲ್ಲ. ಹಿಡಿದ 1,500 ನನ್ನ ಹೆಸರಿಗೆ ಕಟ್ಟಿದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲೂ ಕಾಣುತ್ತಿಲ್ಲ. ಅಂದರೆ ಅದನ್ನೂ ನನ್ನ ಪ್ಯಾನ್ ಹೆಸರಿಗೆ ಕಟ್ಟಿಲ್ಲ. ಟಿಡಿಎಸ್ ಕಟ್ ಮಾಡಿದೀವಿ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ, ಮೂರು ತಿಂಗಳಿಗೊಮ್ಮೆ ಆ ಪಟ್ಟಿ ತೆಗೆದು ನೋಡಿ. ಆರು ಸ್ಯಾಂಪಲ್‌ನಲ್ಲಿ ನಾಲ್ಕು ವಾಪಸ್ ಬಂದವು, ಒಂದರ ಮೇಲೆ ಕಾಫಿ ಕಲೆ.

ಕಿಟ್ ನನ್ನ ಕಣ್ಣಿಗೆ ಬಿದ್ದಿದ್ದು ವಿದ್ಯಾರ್ಥಿನಿಯೊಬ್ಬಳು ಲಿಂಕ್ ಕಳಿಸಿದಾಗ. ಹೆಸರು ಇಲ್ಲ, ಪಾಲು ಇಲ್ಲ. ಫೋನ್ ಮಾಡಿದೆ. ಅದೇ ಮರ್ಯಾದೆಯ ದನಿ: 'ಮೇಡಂ, ಇದು ಟ್ರೆಡಿಷನಲ್ ಡಿಸೈನ್ ಅಲ್ವಾ? ಕಸೂತಿ ಆನೆಗೆ ಓನರ್ ಇರ್ತಾರಾ?' ಆ ಮಾತಿಗೆ ನನಗೆ ಆಗ ಉತ್ತರ ಹೊಳೆಯಲಿಲ್ಲ. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಅವ್ವ ಅಂದಳು, 'ಆನಿ ಎಲ್ಲಾರದೂ ಖರೆ. ನೀ ಹಾಕಿದ ನಂಬರ್ ಎಲ್ಲಾರದೂ ಹೆಂಗಾಕ್ಕತಿ?'

ವಕೀಲರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು, ಫೀಸ್ ತೆಗೆದುಕೊಂಡು. ಕಸೂತಿಗೆ ಜಿಐ ಟ್ಯಾಗ್ ಇದೆ, ಆದರೆ ಅದು ಆ ಕಲೆಯ ಹೆಸರಿಗೆ ಮತ್ತು ನೆಲಕ್ಕೆ ಇರುವ ರಕ್ಷಣೆ, ನನ್ನೊಬ್ಬಳ ಗ್ರಾಫಿಗೆ ಅಲ್ಲ. ನಾನು ಬರೆದ ವಿವರಣೆ ಮತ್ತು ಗ್ರಾಫಿಗೆ 1957ರ ಕಾಪಿರೈಟ್ ಕಾಯ್ದೆ ಬರುತ್ತದೆ. ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ, ಬರೆದ ಕ್ಷಣದಿಂದಲೇ ಹಕ್ಕು. ಆ ಹಕ್ಕನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿ ಸಮೇತ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾದರೆ ನನ್ನ ಕೇಸ್ ಗಟ್ಟಿ ಅಲ್ವಾ ಅಂದೆ. ಅವರು ಫೋನಿನಲ್ಲಿ 'ಬಳಸಿಕೊಳ್ಳಿ ಸರ್' ತೋರಿಸಿ ನಕ್ಕರು. ಹಕ್ಕು ಮಾರಿದ ಹಾಗಂತೂ ಅಲ್ಲ, ಆದರೆ ಬಳಸಲು ಒಪ್ಪಿಗೆ ಕೊಟ್ಟಿದ್ದರು ಅಂತ ಎದುರಿನವರು ವಾದ ಮಾಡಲು ಅಷ್ಟು ಸಾಕಂತೆ.

ಇನ್ನೊಂದು ವಿಷಯ ಕೇಳಿ ಹೊಟ್ಟೆ ಕಲಸಿತು. ಡಿಸೈನ್ಸ್ ಕಾಯ್ದೆ ಅಂತ 2000ದ್ದು ಬೇರೆ ಇದೆ. ಆ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಹಾಕಿದ ವಸ್ತುವನ್ನು ಹಕ್ಕುದಾರರು, ಇಲ್ಲವೇ ಅವರ ಒಪ್ಪಿಗೆ ಪಡೆದವರು ಕಾರ್ಖಾನೆ ರೀತಿಯಲ್ಲಿ 50ಕ್ಕಿಂತ ಜಾಸ್ತಿ ಸಲ ಮಾಡಿದರೆ ಆ ವಿನ್ಯಾಸದ ಕಾಪಿರೈಟ್ ಹೋಗುತ್ತದೆ. ನೋಂದಾಯಿಸುವುದಾದರೆ ಜನರ ಮುಂದೆ ಇಡುವ ಮೊದಲೇ ಅರ್ಜಿ ಹಾಕಿರಬೇಕು. ನಾವು ಮಾಡುವುದು ಉಲ್ಟಾ, ಕೊನೆಯ ಹೊಲಿಗೆ ಮುಗಿಯುವ ಮೊದಲೇ ಇನ್‌ಸ್ಟಾಗ್ರಾಮ್‌ಗೆ ಹಾಕಿರುತ್ತೇವೆ. ಹಾಗಾಗಿ ವಕೀಲರು ಹೆಚ್ಚು ಒತ್ತು ಕೊಟ್ಟಿದ್ದು ನನ್ನ ವಿವರಣೆಯ ಹಾಳೆಗೆ, ಮತ್ತು ಇಲ್ಲದ 18ಕ್ಕೆ. ತಾವೇ ಮಾಡಿದ್ದು ಅನ್ನುವವರು ನನ್ನ ತಪ್ಪನ್ನು ಎಲ್ಲಿಂದ ತಂದರು? ನಾನು ಗ್ರಾಫ್ ಬರೆಯುವಾಗ ತೆಗೆದ ಫೋಟೋಗಳಲ್ಲಿ ತಾರೀಖು ಇದೆ. ಸುಮ್ನೆ ತೆಗೆದಿದ್ದು, ಈಗ ಅದೇ ಆಧಾರ.

ದುಡ್ಡಿನ ಬಾಕಿಗೆ ಒಂದು ದಾರಿ ಇತ್ತು, ಅದನ್ನು ನಾನು ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿರಿ. ನಮ್ಮಂಥ ಒಬ್ಬರೇ ಕೂತು ಮಾಡುವ ಕೆಲಸಕ್ಕೂ ಸಿಗುತ್ತದೆ, ಸರ್ಕಾರಿ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಬೇರೆ ಯಾರದೋ ಸೈಟು. ನೋಂದಣಿ ಇದ್ದರೆ 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಕೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ನಾನು ನೋಂದಣಿ ಮಾಡಿಸಿದ್ದು ಮೋಸ ಹೋದ ಮೇಲೆ. ಕೆಲಸ ಮುಗಿದ ಮೇಲೆ ಮಾಡಿಸಿದ್ದು ಹಳೆಯ ಬಾಕಿಗೆ ನಡೆಯಲ್ಲ.

ಈಗ ನಾನು ಹೇಗೆ ಕೆಲಸ ಮಾಡುತ್ತಿದ್ದೇನೆ ಅಂದರೆ, ಅರ್ಧ ದುಡ್ಡು ಬರುವವರೆಗೆ ಸ್ಯಾಂಪಲ್‌ನ ಫೋಟೋ ಮಾತ್ರ, ಅದೂ ಒಂದೇ ಕಡೆಯದು. ಗ್ರಾಫ್ ಕೊನೆಗೆ, ಪೂರ್ತಿ ದುಡ್ಡು ಬಂದ ಮೇಲೆ. ಡೆಮೊಗೆ ತಯಾರಿಯ ದಿನಕ್ಕೂ ಬಿಲ್ ಹಾಕುತ್ತೇನೆ. ಒಂದಿಬ್ಬರು 'ಓ, ಅಷ್ಟೊಂದಾ' ಅಂತ ಹೋದರು. ಇನ್ನೊಬ್ಬರು ಒಪ್ಪಿ ಕುರ್ಚಿ, ಲೈಟು, ಊಟ ಎಲ್ಲ ಕೊಟ್ಟರು. 'ಡಿಸೈನ್ ಟೀಮ್' ಅನ್ನುವ ಮಾತು ಕೇಳಿದರೆ ಮಾತ್ರ ಇನ್ನೂ ಮೈ ಉರಿಯುತ್ತದೆ. ಟೀಮ್ ಅಂದಮೇಲೆ ಸಂಬಳ ಇರಬೇಕು, ಇಲ್ಲವೇ ಅಗ್ರಿಮೆಂಟ್ ಇರಬೇಕು. ಎರಡೂ ಇಲ್ಲದೆ ಬರೀ ದಾರದ ಲಡಿ ಕೊಟ್ಟು ಡಿಸೈನ್ ತೆಗೆದುಕೊಳ್ಳುವವರು ಈ ಊರಲ್ಲಿ ಇನ್ನೂ ಇದ್ದಾರೆ.

ವಕೀಲರ ನೋಟಿಸ್ ಹೋದ ಮೇಲೆ ಕಿಟ್ ಎರಡು ವಾರ ಸೈಟಿನಲ್ಲಿ ಕಾಣಲಿಲ್ಲ. ಆಮೇಲೆ ಮತ್ತೆ ಬಂತು. ನಾನು ಇನ್ನೊಂದು ಕೊಂಡುಕೊಳ್ಳುವಷ್ಟು ಹುಚ್ಚಿ ಅಲ್ಲ. ಆದರೆ ಹೋದ ತಿಂಗಳು ಮಲ್ಲೇಶ್ವರದ ನನ್ನ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿ ಅದೇ ಡಬ್ಬಿ ಹಿಡಿದುಕೊಂಡು ಬಂದಳು. 'ಅಕ್ಕಾ, ಮೂರು ಸಲ ಬಿಚ್ಚಿ ಹೊಲಿದೆ. ಹಿಂದುಗಡೆ ಇಲ್ಲೊಂದು ದಾರ ಅಡ್ಡ ಬರ್ತಾನೇ ಇದೆ' ಅಂದಳು. ಹಾಳೆ ತೆಗೆಸಿ ನೋಡಿದೆ. ಹೊಸದಾಗಿ ಪ್ರಿಂಟ್ ಹಾಕಿಸಿದ್ದರು. ಈಗ 17 ಆದ ಮೇಲೆ 18 ಇತ್ತು. ಎಲ್ಲಾದರೂ ಇರಬೇಕಲ್ಲ ಅಂತ ಯಾರೋ ಅದನ್ನು ಹೊಟ್ಟೆಗೂ ಹಿಂಗಾಲಿಗೂ ನಡುವೆ ಖಾಲಿ ಕಂಡ ಜಾಗದಲ್ಲಿ ಕೂರಿಸಿದ್ದರು.

ಹಾಳೆಯ ಫೋಟೋ ತೆಗೆದು ವಕೀಲರಿಗೆ ಕಳಿಸಿದೆ. ಆಮೇಲೆ ಆ ಹುಡುಗಿಯ ಪೆನ್ಸಿಲ್ ತೆಗೆದುಕೊಂಡು 18 ಹೊಡೆದು ಹಾಕಿ, 'ಈಗ ಹೊಲಿ' ಅಂದೆ.