ನಾಲ್ಕು ಸ್ಪೀಕರ್ ಒಂದೇ ಚಾನೆಲ್‌ಗೆ ಸುತ್ತಿ ಹೋಗುವವರಿದ್ದಾರೆ, ಹುಷಾರು

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಆಂಪ್ಲಿಫೈಯರ್ (ಆಂಪ್) ತಗೊಂಡು, ಅಂಗಡಿಯವರ ಕೈಲೇ ಫಿಟಿಂಗ್ ಮಾಡಿಸುವವರು ದಯವಿಟ್ಟು ಇದನ್ನು ಓದಿ.

ವಿಜಯನಗರದಲ್ಲಿ ನನ್ನ ತಂಗಿ ಭರತನಾಟ್ಯ ಕ್ಲಾಸ್ ನಡೆಸುತ್ತಾಳೆ. ಹಾಲ್‌ಗೆ ಒಂದು ಸ್ಟೀರಿಯೋ ಆಂಪ್ (ಎಡ, ಬಲ ಅಂತ ಎರಡು ಚಾನೆಲ್, ಅಂದರೆ ಸ್ಪೀಕರ್ ಹಾಕೋಕೆ ಎರಡು ಔಟ್‌ಪುಟ್ ಇರುವುದು), ಗೋಡೆಗೆ ನಾಲ್ಕು ಸ್ಪೀಕರ್ ತಂದೆವು. ಫಿಟಿಂಗ್‌ಗೆ ಅಂಗಡಿಯವರೇ ಹುಡುಗನನ್ನು ಕಳಿಸಿದರು. ಅದಕ್ಕೆ ಬೇರೆ ದುಡ್ಡು, ಬಿಲ್ ಇಲ್ಲ. ಗೊತ್ತಲ್ವಾ ಹೇಗಿರುತ್ತೆ ಅಂತ. ಆಂಪ್ ಹಿಂದೆ 4ರಿಂದ 8 ಓಮ್ ಅಂತ ಪ್ರಿಂಟ್ ಆಗಿದೆ. ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ; ಒಂದು ಚಾನೆಲ್‌ಗೆ ಹಾಕಿದ್ದೆಲ್ಲ ಸೇರಿ 4ಕ್ಕಿಂತ ಕೆಳಗೆ ಇಳಿಯಬಾರದು. ಅದನ್ನು ತೋರಿಸಿ, ನಾಲ್ಕು ಹಾಕಿದರೆ ತಡೆಯುತ್ತಾ ಅಂತ ಕೇಳಿದೆ.

"ಸಾರ್, ಒಂದೊಂದು 8 ಓಮ್. ನಾಲ್ಕು ಸೇರಿದ್ರೆ 32. ಆಂಪ್‌ಗೆ ಲೋಡೇ ಇಲ್ಲ."

ಎಷ್ಟು ಧೈರ್ಯವಾಗಿ ಹೇಳಿದ! ಹಾಡು ಚೆನ್ನಾಗಿಯೇ ಬಂತು. ಕಾಫಿ ಕೊಟ್ಟು ಕಳಿಸಿದೆವು.

ಆಮೇಲೆ ಒಂದು ಭಾನುವಾರ ಅಪ್ಪ ಅಮ್ಮಂದಿರೆಲ್ಲ ಕೂತಿದ್ದಾಗ, ತಿಲ್ಲಾನದ ಮಧ್ಯೆ ಕರಕರ ಶಬ್ದ, ಸುಟ್ಟ ವಾಸನೆ. ಆಂಪ್ ಮೇಲೆ ಕೈ ಇಡೋಕಾಗಲಿಲ್ಲ. ಮಕ್ಕಳು ಮುದ್ರೆ ಹಿಡಿದು ಹಾಗೇ ನಿಂತಿದ್ದಾರೆ. ತಂಗಿಯ ಮುಖ ನೋಡೋಕಾಗಲಿಲ್ಲ.

ರಾಜಾಜಿನಗರದ ರಿಪೇರಿಯವರು ಬಂದು ವೈರ್ ಬಿಚ್ಚಿ ಮೀಟರ್ ಇಟ್ಟರು. 8 ಓಮ್ ಸ್ಪೀಕರ್ ಒಂದಕ್ಕೇ ಮೀಟರ್ 6–7 ತೋರಿಸುವುದು ಮಾಮೂಲು. ಇಲ್ಲಿ 2ಕ್ಕಿಂತ ಕಡಿಮೆ! ನಾಲ್ಕೂ ಪ್ಯಾರಲಲ್, ಅಂದರೆ ಎಲ್ಲ ಸ್ಪೀಕರ್‌ನ ಎರಡೂ ವೈರ್ ಅದೇ ಎರಡು ಟರ್ಮಿನಲ್‌ಗೆ. ಪ್ಯಾರಲಲ್‌ನಲ್ಲಿ ಓಮ್ ಇಳಿಯುತ್ತದೆ. 8ರ ಎರಡಕ್ಕೆ 4, ನಾಲ್ಕಕ್ಕೆ 2. ಓಮ್ ಇಳಿದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಕೊಟ್ಟೂ ಕೊಟ್ಟೂ ಔಟ್‌ಪುಟ್ ಟ್ರಾನ್ಸಿಸ್ಟರ್ ಬೆಂದುಹೋಗಿತ್ತು. ಅವನು ಹೇಳಿದ 32 ಬರಬೇಕಾದರೆ ನಾಲ್ಕನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸರಪಳಿ ಹಾಗೆ, ಹಾಕಬೇಕಿತ್ತು.

ನನಗೆ ಮೈ ಉರಿದದ್ದು ಇದಕ್ಕಲ್ಲ. ನಾಲ್ಕೂ ಎಡ ಚಾನೆಲ್‌ಗೇ ಸುತ್ತಿದ್ದಾನೆ. ಬಲ ಚಾನೆಲ್ ಖಾಲಿ! ಆ ಕಡೆಗೆ ಎರಡು, ಈ ಕಡೆಗೆ ಎರಡು ಹಾಕಿದ್ದರೆ ಚಾನೆಲ್‌ಗೆ 4 ಓಮ್, ಆಂಪ್ ತಡೆಯುತ್ತಿತ್ತು. ಇನ್ನೊಂದಿಷ್ಟು ವೈರ್ ಎಳೆಯೋಕೆ ಸೋಮಾರಿತನ, ಅಷ್ಟೇ.

ಅಂಗಡಿಯವರ ಉತ್ತರ ಕೇಳಿ. ಮೊದಲು, "ನಿಮ್ಮ ಏರಿಯಾ ಕರೆಂಟ್ ಸರಿ ಇಲ್ಲ ಸಾರ್." ಆಮೇಲೆ, "ವಾಲ್ಯೂಮ್ ಫುಲ್ ಇಟ್ಟಿರ್ತೀರ." ಬಿಚ್ಚಿದ ವೈರಿನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನಾನೇ ಹೋಗಿ ನಿಂತಾಗ, "ವೈರಿಂಗ್ ತಪ್ಪಾದ್ರೆ ವಾರಂಟಿ ಬರಲ್ಲ." ವೈರಿಂಗ್ ಮಾಡಿದ್ದು ಯಾರಪ್ಪಾ?

ಆದ್ದರಿಂದ ಫಿಟಿಂಗ್‌ಗೂ ಬಿಲ್ ಬರೆಸಿ. ಯಾವ ಚಾನೆಲ್‌ಗೆ ಎಷ್ಟು ಓಮ್ ಆಯ್ತು ಅಂತ ಮೀಟರ್ ಹಿಡಿದು ತೋರಿಸೋಕೆ ಹೇಳಿ, ಆಂಪ್ ಆಫ್ ಇರಲಿ, ವೈರ್ ಬಿಚ್ಚಿರಲಿ. ಒಂದೇ ಚಾನೆಲ್‌ಗೆ ನಾಲ್ಕು ಬೇಕೇ ಬೇಕಾದರೆ ಎರಡೆರಡು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿಸಿ, 8 ಓಮ್‌ಗೇ ನಿಲ್ಲುತ್ತದೆ. "ಹಾಡು ಬರ್ತಿದೆಯಲ್ಲ ಸಾರ್" ಅಂದರೆ ದುಡ್ಡು ಕೊಡಬೇಡಿ. ನಮ್ಮಲ್ಲೂ ಬಂದಿತ್ತು.

ನಿನ್ನೆ ಮತ್ತೆ ಫೋನ್ ಮಾಡಿದೆ. "ಆ ಹುಡುಗ ನಮ್ಮವನಲ್ಲ ಸಾರ್" ಅಂದರು.