ಎದೆಯಿಂದ ತೆಗೆದ ನೀರನ್ನು ಪರೀಕ್ಷೆಗೆ ಕಳಿಸದೆ ಬಿಡಬೇಡಿ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ಯಾರಿಗಾದರೂ ಒಂದೇ ಬದಿಯ ಶ್ವಾಸಕೋಶದ ಸುತ್ತ ನೀರು ತುಂಬಿದೆ ಅಂದರೆ, ಅದು ಎಲ್ಲಿಂದ ಬಂತು ಅಂತ ಕೇಳಲೇಬೇಕು.

ನನ್ನ ಸೋದರತ್ತೆಗೆ ಕಳೆದ ಮಳೆಗಾಲದಲ್ಲಿ ದಮ್ಮು ಶುರುವಾಯಿತು. ಅಡಿಕೆ ಸುಲಿಯಲು ಕೂತರೂ ಏದುಸಿರು. ಎಕ್ಸ್‌ರೇಯಲ್ಲಿ ಬಲಬದಿ ಬೆಳ್ಳಗೆ ಕಂಡಿತು. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದರು, ಲ್ಯಾಬಿಗೆ ಕಳಿಸಲೇ ಇಲ್ಲ. ಟಿಬಿಯೇ ಇರಬೇಕು ಅಂತ ಮಾತ್ರೆ ಬರೆದರು. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ, ಅನುಮಾನ ಬರುವುದು ಸಹಜ. ಆದರೆ ತೆಗೆದ ನೀರನ್ನು ಚೆಲ್ಲಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾತ್ರೆ ನುಂಗಿ ಅತ್ತೆಗೆ ವಾಂತಿ, ಊಟ ಸೇರುತ್ತಿರಲಿಲ್ಲ. ನೀರು ಮಾತ್ರ ಮತ್ತೆ ತುಂಬಿತು.

ತಲಪಾಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ನೀರಿನ ರಿಪೋರ್ಟ್. ಹೊಸದಾಗಿ ತೆಗೆದು ಪರೀಕ್ಷಿಸಿದರು. ಟಿಬಿ ಸೂಚಿಸುವ ಎಡಿಎ ಎಂಬ ಕಿಣ್ವ ಕಡಿಮೆ ಇತ್ತು, ಕ್ಯಾನ್ಸರ್ ಕಣ ಸಿಗಲಿಲ್ಲ. ಹೊಟ್ಟೆ ಸ್ಕ್ಯಾನ್ ಮಾಡಿದಾಗ ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆಯಲ್ಲೂ ನೀರು. ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಸಿಎ-125 ಎಂಬ ಅಂಶವೂ ರಕ್ತದಲ್ಲಿ ಏರಿತ್ತು. ಕ್ಯಾನ್ಸರ್ ಅಂತಲೇ ಮನೆಯವರೆಲ್ಲ ಅತ್ತರು. ಈ ವಯಸ್ಸಿಗೆ ಆಪರೇಶನ್ ಯಾಕೆ ಅಂದ ನೆಂಟರೂ ಇದ್ದರು. ಅವರ ಮಾತು ಕೇಳದ್ದು ಒಳ್ಳೆಯದಾಯಿತು.

ತೆಗೆದ ಗಡ್ಡೆ ಫೈಬ್ರೋಮಾ, ಕ್ಯಾನ್ಸರ್ ಅಲ್ಲ. ಇಂಥ ಗಡ್ಡೆಯ ಜೊತೆ ಹೊಟ್ಟೆಯಲ್ಲೂ ಎದೆಯಲ್ಲೂ ನೀರು ತುಂಬುವುದಕ್ಕೆ ಮೀಗ್ಸ್ ಸಿಂಡ್ರೋಮ್ ಅನ್ನುತ್ತಾರೆ. ಅಮೆರಿಕದ ಡಾಕ್ಟರ್ ಮೀಗ್ಸ್ 1937ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಹೊಟ್ಟೆಯ ನೀರು ವಪೆಯ (ಎದೆ-ಹೊಟ್ಟೆ ನಡುವಿನ ಪರದೆ) ಮೂಲಕ ಎದೆಗೆ ಏರುತ್ತದೆ, ಹೆಚ್ಚಾಗಿ ಬಲಬದಿಗೆ. ಇದರಲ್ಲೂ ಸಿಎ-125 ಏರಬಹುದು. ಗಡ್ಡೆ ಹೋದರೆ ನೀರೂ ಹೋಗುತ್ತದೆ. ಅತ್ತೆಗೆ ಹಾಗೇ ಆಯಿತು.

ಬೇರೆ ಅಪರೂಪದ ಕಾರಣಗಳೂ ಇವೆ. ಮೇದೋಜೀರಕ ಗ್ರಂಥಿ ಕೆಟ್ಟರೆ ಅದರ ರಸ ಎದೆಗೆ ಸೋರಬಹುದು, ಆಗ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಾರಿ ಕಿಣ್ವ ತುಂಬಾ ಜಾಸ್ತಿ. ನೀರು ಹಾಲಿನಂತಿದ್ದರೆ ಕೊಬ್ಬು ಸಾಗಿಸುವ ನಾಳ ಒಡೆದಿರಬಹುದು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವವರಿಗೂ ಎದೆಯಲ್ಲಿ ನೀರು ತುಂಬುವುದುಂಟು.

ಆದ್ದರಿಂದ ನೀರು ತೆಗೆಯುವ ಮೊದಲೇ ಕೇಳಿ: ಪ್ರೋಟೀನ್, ಎಲ್‌ಡಿಹೆಚ್ (ಇದೂ ಒಂದು ಕಿಣ್ವ), ಎಡಿಎ, ಜೀವಕೋಶ ಪರೀಕ್ಷೆಗೆ ಕಳಿಸುತ್ತೀರಾ? ರಿಪೋರ್ಟಿನ ಪ್ರತಿ ನಿಮ್ಮ ಕೈಯಲ್ಲಿರಲಿ. ಹೆಂಗಸರಾದರೆ ಹೊಟ್ಟೆ ಸ್ಕ್ಯಾನ್ ಬೇಕಾ ಅಂತಲೂ ವಿಚಾರಿಸಿ. ಈಗಾಗಲೇ ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ.