ಆರು ಮಳೆಗಾಲ ಕಂಡ ಬ್ಯಾಟ್ರಿ: ನಾನೇ ಬಿಚ್ಚಿ ಕಟ್ಟಿದ ಕಾನ್ವಾಯ್ ಎಸ್2 ಪ್ಲಸ್

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಒಳಗೆ ಹಾಕುವುದು ಸೆಲ್ಲು, ಕೈಯಲ್ಲಿ ಹಿಡಿಯುವುದು ಬ್ಯಾಟ್ರಿ. ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಕತ್ತಲಾದ ಮೇಲೆ ಅದಿಲ್ಲದೆ ಯಾರೂ ಅಂಗಳ ದಾಟುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋದರೆ ಎರಡು ಮೂರು ದಿನ ಬಾರದೇ ಇರುವುದೂ ಉಂಟು. ನಾನು ಇಲ್ಲಿ ಬರೆಯುತ್ತಿರುವುದು 2019ರಿಂದ ದಿನವೂ ಬಳಸುತ್ತಿರುವ, ನಡುವೆ ಒಮ್ಮೆ ಪೂರ್ತಿ ಬಿಚ್ಚಿ ಬೇರೆ ಎಲ್‌ಇಡಿ ಕೂರಿಸಿದ ಒಂದು ಬ್ಯಾಟ್ರಿಯ ಬಗ್ಗೆ.

ಕಾನ್ವಾಯ್ ಎಸ್2 ಪ್ಲಸ್ ಚೀನಾದ್ದು. ಒಂದೇ ಒಂದು 18650 ಸೆಲ್ ಹಿಡಿಯುತ್ತದೆ. ಆ ಸಂಖ್ಯೆಯಲ್ಲೇ ಅಳತೆ ಇದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಇಡೀ ಬ್ಯಾಟ್ರಿ ಅಂಗಿ ಜೇಬಿಗೆ ಹೋಗುತ್ತದೆ. ನನಗೆ ಇದು ಹಿಡಿಸಿದ್ದು ಒಂದೇ ಕಾರಣಕ್ಕೆ. ಇದರ ಎಲ್ಲಾ ಭಾಗವೂ ತಿರುಪಿನಲ್ಲಿ ಬಿಚ್ಚುತ್ತದೆ. ಯಾವುದಕ್ಕೂ ಅಂಟು ಹಾಕಿಲ್ಲ. ಗಾಜು, ರಿಫ್ಲೆಕ್ಟರ್, ಎಲ್‌ಇಡಿ, ಕರೆಂಟನ್ನು ಹದಮಾಡಿ ಬಿಡುವ 17 ಮಿ.ಮೀ. ಸರ್ಕ್ಯೂಟ್ ಬಿಲ್ಲೆ (ಇದಕ್ಕೆ ಡ್ರೈವರ್ ಎನ್ನುತ್ತಾರೆ), ಹಿಂದಿನ ಸ್ವಿಚ್, ಎಲ್ಲವೂ ಬೇರೆ ಬೇರೆಯಾಗಿ ಸಿಗುತ್ತವೆ. ಹಾಳಾದದ್ದನ್ನು ಮಾತ್ರ ಬದಲಾಯಿಸಬಹುದು. ಬೇಕಾದ ಹಾಗೆ ಕಟ್ಟಿಕೊಳ್ಳಬಹುದು.

ಮೊದಲು ಬಂದಾಗ ಇದರಲ್ಲಿ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2 ಎಲ್‌ಇಡಿ ಇತ್ತು. ನೀಲಿ ಛಾಯೆಯ ಬಿಳಿ ಬೆಳಕು. ಡ್ರೈವರಿನ ಮೇಲೆ 7135 ಎಂಬ ಚಿಪ್ಪುಗಳು ಎಂಟು. ಒಂದೊಂದೂ 350 ಮಿಲಿ ಆಂಪ್ ಬಿಡುತ್ತದೆ, ಅಂದರೆ ಒಟ್ಟು 2.8 ಆಂಪ್. ಬೆಳಕು ತೋಟದ ಆಚೆಯ ಧರೆಯವರೆಗೂ, ಅಂದರೆ ಎತ್ತರದ ಮಣ್ಣಿನ ದಂಡೆಯವರೆಗೂ ಹೋಗುತ್ತಿತ್ತು. ನೋಡಿದವರೆಲ್ಲ ಬೆರಗಾಗುತ್ತಿದ್ದರು. ನನಗೂ ಆಗ ಅಷ್ಟೇ ಸಾಕಿತ್ತು.

2021ರ ಚಳಿಗಾಲದ ಒಂದು ಸಂಜೆ ನನ್ನ ಲೆಕ್ಕ ಬದಲಾಯಿತು. ಪಂಪ್ ಬಂದ್ ಮಾಡಲು ಅಪ್ಪಯ್ಯ, ನಾನು ಇಬ್ಬರೂ ಹೊರಟಿದ್ದೆವು. ಅವರ ಕೈಯಲ್ಲಿ ಹಳೆಯ ಬಲ್ಬಿನ ಬ್ಯಾಟ್ರಿ, ಮಂಕು ಹಳದಿ ಬೆಳಕಿನದ್ದು. ನನ್ನದು ಅದರ ಎಷ್ಟೋ ಪಟ್ಟು ಪ್ರಖರ. ದಾರಿಯ ತುಂಬಾ ಒಣ ಎಲೆ. ಅಪ್ಪಯ್ಯ ಥಟ್ಟನೆ ಕೈ ಅಡ್ಡ ಹಿಡಿದು, "ನಿಲ್ಲು ಮಾರಾಯ, ಕೊಳಕುಮಂಡಲ" ಎಂದರು. ನಾನು ಅದೇ ಜಾಗಕ್ಕೆ ಬೆಳಕು ಬಿಟ್ಟುಕೊಂಡೇ ನಡೆಯುತ್ತಿದ್ದೆ. ನನಗೆ ಕಂಡದ್ದು ಬರೀ ಎಲೆ. ಹಾವು ಪಕ್ಕಕ್ಕೆ ಸರಿದು ಹೋಗುವವರೆಗೂ ಅಲ್ಲೇ ನಿಂತೆವು. ಆಮೇಲೆ ಎರಡೂ ಬ್ಯಾಟ್ರಿಗಳನ್ನು ಅಕ್ಕಪಕ್ಕ ಹಿಡಿದು ಅದೇ ಎಲೆಗಳನ್ನು ನೋಡಿದೆ. ನನ್ನ ಬೆಳಕಲ್ಲಿ ಎಲ್ಲವೂ ಬೂದಿ ಬಣ್ಣ. ಅಪ್ಪಯ್ಯನ ಬೆಳಕಲ್ಲಿ ಕಂದು, ಕೆಂಪು, ಹಳದಿ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಇದಕ್ಕೆ ಕಾರಣ ಎಲ್‌ಇಡಿಯ ಒಳಗೇ ಇದೆ. ಬಿಳಿ ಎಲ್‌ಇಡಿ ಎಂದರೆ ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಫಾಸ್ಫರ್ ಲೇಪ ಇರುತ್ತದೆ. ನೀಲಿ ಬೆಳಕಿನ ಒಂದು ಪಾಲು ಅದಕ್ಕೆ ತಾಗಿ ಹಳದಿಯಾಗುತ್ತದೆ, ಎರಡೂ ಸೇರಿ ಬಿಳಿಯಾಗಿ ಕಾಣುತ್ತದೆ. ಸಾಧಾರಣ ಲೇಪದಲ್ಲಿ ಕೆಂಪು ತೀರಾ ಕಡಿಮೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ವಸ್ತುವಿನ ಕೆಂಪು ಕಾಣುವುದಾದರೂ ಹೇಗೆ? ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕ ಇದೆ, 100 ಎಂದರೆ ಪೂರ್ತಿ. ಹಳೆಯ ಬಲ್ಬು ಹೆಚ್ಚುಕಡಿಮೆ 100 ಮುಟ್ಟುತ್ತದೆ. ಗಾಢ ಕೆಂಪು ಈ ಅಂಕದ ಲೆಕ್ಕಕ್ಕೇ ಸೇರುವುದಿಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕ ನೋಡಬೇಕು.

ಹುಡುಕಿ ಹುಡುಕಿ ಕೊನೆಗೆ ಆರಿಸಿದ್ದು ನಿಚಿಯಾ 519ಎ, 4500 ಕೆಲ್ವಿನ್ (ಇದು ಬೆಳಕಿನ ಛಾಯೆಯ ಅಳತೆ), ಆರ್9080 ದರ್ಜೆ. ಸಿಆರ್‌ಐ ಕನಿಷ್ಠ 90, ಆರ್9 ಕನಿಷ್ಠ 80 ಎಂದು ಅದರ ಅರ್ಥ. ನಿಚಿಯಾ ಜಪಾನಿನ ಕಂಪನಿ. 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಶುಜಿ ನಕಮುರ ಪ್ರಖರ ನೀಲಿ ಎಲ್‌ಇಡಿ ಮಾಡಿದ್ದು ಅಲ್ಲಿ ಕೆಲಸದಲ್ಲಿದ್ದಾಗಲೇ. ಅದೇ ಮನೆತನದ ದೀಪ ನನ್ನ ಕೈಯಲ್ಲಿದೆ ಎನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ. ತರಿಸುವುದು ಸುಲಭವಿರಲಿಲ್ಲ. 2020ರ ನವೆಂಬರಿನಲ್ಲಿ ಚೀನಾದ ಅಂತರ್ಜಾಲ ಅಂಗಡಿ ಅಲಿಎಕ್ಸ್‌ಪ್ರೆಸ್ ನಮ್ಮ ದೇಶದಲ್ಲಿ ನಿಷೇಧವಾಗಿತ್ತು. 2022ರ ಕೊನೆಗೆ ಹೊರದೇಶದಲ್ಲಿರುವ ಭಾವ ಊರಿಗೆ ಬರುವಾಗ ನಾಲ್ಕು ಎಲ್‌ಇಡಿ, ಅವನ್ನು ಕೂರಿಸುವ 16 ಮಿ.ಮೀ. ತಾಮ್ರದ ಬಿಲ್ಲೆಗಳನ್ನು ತಂದುಕೊಟ್ಟರು. ಬೆಸುಗೆ ಸಾಮಾನು, ಸಿಲಿಕೋನ್ ತಂತಿ, ಥರ್ಮಲ್ ಪೇಸ್ಟ್ ಎಲ್ಲಾ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೇ ಸಿಕ್ಕಿತು.

ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಎಲ್‌ಇಡಿ ಕೂರಿಸುವ ಗಳಿಗೆ. ಅದು ಮೂರೂವರೆ ಮಿ.ಮೀ. ಚೌಕ, ಜೋಳದ ಕಾಳಿಗಿಂತ ಚಿಕ್ಕದು. ಕೈಯಿಂದ ಬೆಸುಗೆ ಹಾಕಲು ಆಗುವುದಿಲ್ಲ. ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗಾಗಿ ಭದ್ರವಾಗಿ ನಿಲ್ಲಿಸಿ, ಅದರ ಮೇಲೆ ತಾಮ್ರದ ಬಿಲ್ಲೆ ಇಟ್ಟೆ. ಬಿಲ್ಲೆಗೆ ತೆಳುವಾಗಿ ಸೋಲ್ಡರ್ ಪೇಸ್ಟ್, ಅದರ ಮೇಲೆ ಎಲ್‌ಇಡಿ. 63 ಪಾಲು ತವರ, 37 ಪಾಲು ಸೀಸದ (63/37) ಸೋಲ್ಡರ್ ಕರಗುವುದು 183 ಡಿಗ್ರಿಗೆ. ಬೂದು ಪೇಸ್ಟ್ ಒಮ್ಮೆಲೇ ಕನ್ನಡಿಯ ಹಾಗೆ ಹೊಳೆಯುತ್ತದೆ, ಸೊಟ್ಟಗೆ ಕೂತಿದ್ದ ಎಲ್‌ಇಡಿ ತಾನೇ ಜರುಗಿ ನೇರವಾಗುತ್ತದೆ. ಕರಗಿದ ಸೋಲ್ಡರ್ ಅದನ್ನು ಎಳೆದು ಕೂರಿಸುತ್ತದೆ. ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಆಗ ಚಿಮಟದಿಂದ ಮೆಲ್ಲಗೆ ಒತ್ತಿದರೆ ಜಾಸ್ತಿ ಸೋಲ್ಡರ್ ಹೊರಬರುತ್ತದೆ, ಕೂಡಲೇ ಇಸ್ತ್ರಿಯಿಂದ ಇಳಿಸಬೇಕು. ಮಾಡುವವರು ಕಿಟಕಿ ತೆರೆದು ಮಾಡಿ, ಹೊಗೆ ಒಳ್ಳೆಯದಲ್ಲ.

ಒಂದು ಎಚ್ಚರಿಕೆ. ಹಳೆಯ ಎಲ್‌ಇಡಿ 5 ಮಿ.ಮೀ., ಹೊಸದು ಮೂರೂವರೆ. ರಿಫ್ಲೆಕ್ಟರಿನ ಕೆಳಗೆ ಕೂರುವ ಪ್ಲಾಸ್ಟಿಕ್ ಬಳೆಯನ್ನೂ ಹೊಸದರ ಅಳತೆಯದ್ದೇ ಹಾಕಬೇಕು. ನಾನು ಹಳೆಯದನ್ನೇ ಹಾಕಿದ್ದಕ್ಕೆ ಬೆಳಕಿನ ನಡುವೆ ಕಪ್ಪು ಕಲೆ ಬಂತು. ಬಳೆಯನ್ನೇ ಬಿಟ್ಟರೆ ರಿಫ್ಲೆಕ್ಟರ್ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ.

ಪ್ರಖರತೆಯ ಲೆಕ್ಕದಲ್ಲಿ ಹೊಸ ಎಲ್‌ಇಡಿ ಹಳೆಯದಕ್ಕಿಂತ ಮಂದ. ಧರೆಯವರೆಗೆ ಈಗ ಅಷ್ಟು ಚೆನ್ನಾಗಿ ಬೆಳಕು ಮುಟ್ಟುವುದಿಲ್ಲ. ಆದರೆ ಹತ್ತು ಮಾರಿನ ಒಳಗೆ ಎಲ್ಲವೂ ಹಗಲಿನ ಬಣ್ಣದಲ್ಲೇ ಕಾಣುತ್ತದೆ. ಮಂಜಿನಲ್ಲಿ ಬೆಳಕು ಕಣ್ಣಿಗೆ ವಾಪಸ್ ಹೊಡೆಯುವುದೂ ಕಡಿಮೆ ಅನಿಸಿದೆ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಬೇಯಿಸುವಾಗ ಅಮ್ಮ ಹಂಡೆಗೆ ಬ್ಯಾಟ್ರಿ ಬಿಟ್ಟು ಅಡಿಕೆ ಬೇಯುವ ಕೆಂಪು ರಸದ, ಅಂದರೆ ಚೊಗರಿನ ಬಣ್ಣ ನೋಡುತ್ತಾರೆ. "ಮೊದಲಿನದರಲ್ಲಿ ಎಲ್ಲ ಕೆಸರು ನೀರಿನ ಹಾಗೆ ಕಾಣ್ತಿತ್ತು, ಇದರಲ್ಲಿ ಕೆಂಪು ಕೆಂಪಾಗೇ ಕಾಣ್ತದೆ" ಎಂದರು. ಅಮ್ಮನ ಆ ಮಾತೇ ನನಗೆ ದೊಡ್ಡ ಪ್ರಮಾಣಪತ್ರ.

ದಿನನಿತ್ಯಕ್ಕೆ ನಾನು ಬಳಸುವುದು ಪೂರ್ತಿ ಬೆಳಕಿನ ಶೇ. 35ರ ಹಂತ. ಹೆಚ್ಚುಕಡಿಮೆ 1 ಆಂಪ್, 3000 ಎಂಎಎಚ್ (ಮಿಲಿ ಆಂಪ್-ಗಂಟೆ) ಸಾಮರ್ಥ್ಯದ ಸೆಲ್ಲಿಗೆ ಮೂರು ಗಂಟೆ ಬರುತ್ತದೆ. ಪೂರ್ತಿ ಬೆಳಕಿಟ್ಟರೆ ಒಂದು ಗಂಟೆಯಷ್ಟೇ, ಅದೂ ಐದು ನಿಮಿಷದೊಳಗೆ ಕೈ ಸುಡುವಷ್ಟು ಬಿಸಿ. ಇಷ್ಟು ಸಣ್ಣ ಮೈಗೆ 2.8 ಆಂಪ್ ಜಾಸ್ತಿಯೇ, ಇದು ಇದರ ನಿಜವಾದ ಕೊರತೆ. ಮತ್ತೆ ಕಟ್ಟುವುದಾದರೆ ಆರು ಚಿಪ್ಪಿನ ಡ್ರೈವರ್ ಹಾಕುತ್ತೇನೆ. ಡ್ರೈವರಿನಲ್ಲಿರುವ ಬಿಸ್ಕಾಟಿ ಎಂಬ ತಂತ್ರಾಂಶದಲ್ಲಿ 12 ಬಗೆಯ ಹಂತಗಳ ಗುಂಪುಗಳಿವೆ, ಮಿನುಗುವ ಹಂತ ಇಲ್ಲದ್ದನ್ನೇ ಆರಿಸಿಕೊಳ್ಳಿ. ಕರೆಂಟು ಸಲೀಸಾಗಿ ಹರಿಯಲೆಂದು ಸ್ಪ್ರಿಂಗಿಗೆ ತಾಮ್ರದ ತಂತಿ ಬೆಸೆದೂ ನೋಡಿದೆ. ಈ ಬ್ಯಾಟ್ರಿಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಆಗಲಿಲ್ಲ.

ಸೆಲ್ಲಿನ ವಿಷಯದಲ್ಲಿ ಮಾತ್ರ ಹಣ ಉಳಿಸಲು ಹೋಗಬೇಡಿ. ಒಮ್ಮೆ ಅಂತರ್ಜಾಲದ ಮಾರಾಟಗಾರನೊಬ್ಬನಿಂದ 9900 ಎಂಎಎಚ್ ಎಂದು ಬರೆದಿದ್ದ ಎರಡು ಸೆಲ್ ತರಿಸಿದೆ. ತೂಗಿದರೆ ಒಳ್ಳೆಯ ಸೆಲ್ 45 ಗ್ರಾಂ ಮೇಲಿರುತ್ತದೆ, ಇವು ಅದಕ್ಕಿಂತ ಬಹಳ ಹಗುರ. ಅಳೆದಾಗ ಸಾವಿರವೂ ದಾಟಲಿಲ್ಲ. ಈ ಅಳತೆಯ ಸೆಲ್ಲಿನಲ್ಲಿ ಇಂಥ ವಿಪರೀತ ಸಂಖ್ಯೆ ಬರೆದದ್ದು ಕಂಡರೆ ನಂಬಬೇಡಿ. ಹೊದಿಕೆ ಹರಿದ ಸೆಲ್ ಒಳಗೆ ಹಾಕಬೇಡಿ. ಚೀಲದಲ್ಲಿ ಒಯ್ಯುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಆಗ ದೀಪ ತಾನಾಗಿ ಆನ್ ಆಗುವುದಿಲ್ಲ.

ಎರಡು ಸಲ ಹಳ್ಳಕ್ಕೆ ಬಿದ್ದಿದೆ, ಒಳಗೆ ನೀರು ಹೋಗಿಲ್ಲ. ಪ್ರತಿ ಮಳೆಗಾಲದ ಮೊದಲು ರಬ್ಬರ್ ಬಳೆಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಸ್ವಿಚ್ಚಿನ ರಬ್ಬರ್ ಟೋಪಿ ಮಾತ್ರ ಮೂರು ವರ್ಷಕ್ಕೊಮ್ಮೆ ಹರಿಯುತ್ತದೆ. ಈಗ ಎರಡನೆಯದೂ ಹರಿದಿದೆ. ಭಾವನಿಗೆ ಹೇಳಿದ್ದೇನೆ, ಬರುವವರೆಗೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕೂರಿಸಿದ್ದೇನೆ. ಮೊನ್ನೆಯ ಮಳೆಗೆ ಅದೂ ತಡೆಯಿತು.